ಅಸುಸ್ ಝೋನಾರ್ ಎಸೆನ್ಸ್ ಎಸ್‌ಟಿಎಕ್ಸ್: ಚಿಪ್ಪಿನ ನಂಬರಿಗಿಂತ ಕರೆಂಟು, ಅರ್ಥಿಂಗ್ ಮುಖ್ಯ

ಅಸುಸ್ ಕಂಪನಿಯ ಝೋನಾರ್ ಎಸೆನ್ಸ್ ಎಸ್‌ಟಿಎಕ್ಸ್ ಸೌಂಡ್ ಕಾರ್ಡ್ ಮಾರುಕಟ್ಟೆಗೆ ಬಂದದ್ದು 2009ರಲ್ಲಿ. ಹೊಸ ಡಬ್ಬಿ ಈಗ ಸಿಗುವುದು ಕಷ್ಟ. ಆದರೆ ಹಳೆಯ ಎಡಿಟಿಂಗ್ ಮಷೀನು, ರೆಕಾರ್ಡಿಂಗ್ ರೂಮಿನ ವರ್ಕ್‌ಸ್ಟೇಷನ್ ಬಿಚ್ಚಿ ಮಾರುವಾಗ ಇದು ಹೊರಬೀಳುವುದುಂಟು, ಸೆಕೆಂಡ್ ಹ್ಯಾಂಡ್ ಜಾಹೀರಾತುಗಳಲ್ಲೂ ಕಾಣಿಸುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ಹಿಂದೂಸ್ತಾನಿ ಸಂಗೀತವನ್ನು ಗಂಭೀರವಾಗಿ ಕೇಳುವವರಿಗೆ, ಮನೆಯಲ್ಲಿರುವ ಹಳೆ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಬೇಕೆಂದಿರುವವರಿಗೆ, ಸ್ವಂತ ಕಾರ್ಡ್ ವಿನ್ಯಾಸ ಮಾಡಬೇಕೆಂದಿರುವ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಗೆ ಈ ಕಾರ್ಡ್ ಇವತ್ತಿಗೂ ಬಿಚ್ಚಿ ನೋಡಲು ಯೋಗ್ಯವಾದದ್ದು.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಿಂಬದಿಯ ಎರಡು ಆರ್‌ಸಿಎ ಔಟ್‌ಪುಟ್ (ಆಂಪ್ಲಿಫೈಯರಿಗೆ ಹೋಗುವ ದುಂಡು ಸಾಕೆಟ್) ಉತ್ತಮ ದರ್ಜೆಯದು, ಅದರ ಬಗ್ಗೆ ಎರಡನೆಯ ಮಾತಿಲ್ಲ. ಹೆಡ್‌ಫೋನ್ ಔಟ್‌ಪುಟ್ ಹೆಚ್ಚು ಓಮ್‌ನ ಹೆಡ್‌ಫೋನಿಗೆ ಹೇಳಿ ಮಾಡಿಸಿದ್ದು, ಕಡಿಮೆ ಓಮ್‌ನ ಇಯರ್‌ಫೋನಿಗೆ ಹೊಂದುವುದಿಲ್ಲ. ಲೈನ್ ಇನ್ (ಟೇಪ್ ಡೆಕ್ಕಿನಂಥ ಸಾಧನದ ಧ್ವನಿ ಒಳತರುವ ಜ್ಯಾಕ್) ಬಹಳ ಚೆನ್ನಾಗಿದೆ. ಮೈಕ್ ಇನ್‌ಪುಟ್ ನಂಬಿ ತೆಗೆದುಕೊಳ್ಳಬೇಡಿ. ಮತ್ತು ಮನೆಯ ಅರ್ಥಿಂಗ್ ಸರಿ ಇಲ್ಲದಿದ್ದರೆ ಈ ಯಾವ ಗುಣವೂ ನಿಮ್ಮ ಕಿವಿಗೆ ಮುಟ್ಟುವುದಿಲ್ಲ.

ಅಂಗಡಿಯಲ್ಲಿ ಸೌಂಡ್ ಕಾರ್ಡ್ ಕೇಳಿದರೆ ಮೊದಲು ಬರುವ ಮಾತು ಡಿಎಸಿ (ಡಿಜಿಟಲ್ ಅಂಕಿಗಳನ್ನು ಧ್ವನಿ ಸಿಗ್ನಲ್ ಮಾಡುವ) ಚಿಪ್ಪಿನ ನಂಬರು. ಇದರಲ್ಲಿರುವುದು ಬರ್-ಬ್ರೌನ್ ಪಿಸಿಎಂ1792ಎ, 127 ಡಿಬಿ ಡೈನಾಮಿಕ್ ರೇಂಜಿನದು (ಅತಿ ಜೋರು ಸಿಗ್ನಲಿಗೂ ಚಿಪ್ಪಿನ ಸ್ವಂತ ಗದ್ದಲಕ್ಕೂ ಇರುವ ಅಂತರ). ಕಾರ್ಡಿಗೆ ಕಂಪನಿ ಹೇಳುವ ಅಂಕಿ 124 ಡಿಬಿ. ಈಗಿನ ಮದರ್‌ಬೋರ್ಡ್‌ಗಳಲ್ಲಿ ಬರುವ ರಿಯಲ್‌ಟೆಕ್ ಎಎಲ್‌ಸಿ1220 ಚಿಪ್ಪಿಗೂ 120 ಡಿಬಿ ಎಂದು ಬರೆದಿರುತ್ತದೆ. ಕಾಗದದ ಮೇಲೆ ನಾಲ್ಕೇ ಡಿಬಿ ವ್ಯತ್ಯಾಸ. ಹಾಗಿದ್ದರೆ ಬೋರ್ಡಿನ ಜ್ಯಾಕಿಗೆ ಒಳ್ಳೆಯ ಆಂಪ್ಲಿಫೈಯರ್ ಸಿಕ್ಕಿಸಿದಾಗ ಮೌಸ್ ಸರಿಸಿದರೆ ಕಿರಕಿರ, ವೆಬ್ ಪುಟ ಸ್ಕ್ರೋಲ್ ಮಾಡಿದರೆ ಸುಂಯ್ ಎಂಬ ಸದ್ದು ಯಾಕೆ ಬರುತ್ತದೆ? 120 ಡಿಬಿ ಚಿಪ್ಪಿನ ಗುಣ. ಚಿಪ್ಪಿಗೆ ಕೊಡುವ ಕರೆಂಟು, ಅದರ ಕೆಳಗಿನ ಗ್ರೌಂಡು, ಅದರ ನಂತರದ ಆಪ್-ಆಂಪ್ (ಸಿಗ್ನಲ್ ಹಿಗ್ಗಿಸುವ ಸಣ್ಣ ಚಿಪ್ಪು) ಇವು ಆ ಅಂಕಿಯಲ್ಲಿ ಇಲ್ಲ. ಎಸ್‌ಟಿಎಕ್ಸ್ ಗೆದ್ದಿರುವುದು ಈ ಮೂರರಲ್ಲಿ.

124 ಡಿಬಿ ಎಂದರೆ ಎಷ್ಟು ಎಂಬುದನ್ನು ವೋಲ್ಟಿನಲ್ಲಿ ನೋಡಿದರೆ ವಿನ್ಯಾಸಕಾರರ ಕಷ್ಟ ತಿಳಿಯುತ್ತದೆ. ಆರ್‌ಸಿಎಯಿಂದ ಹೊರಬರುವ ಗರಿಷ್ಠ ಸಿಗ್ನಲ್ 2 ವೋಲ್ಟ್ ಆರ್‌ಎಂಎಸ್. ಅದಕ್ಕಿಂತ 124 ಡಿಬಿ ಕೆಳಗೆ ಎಂದರೆ ಸುಮಾರು 1.26 ಮೈಕ್ರೋವೋಲ್ಟ್. ಕಾರ್ಡಿನ ಒಟ್ಟು ಗದ್ದಲ ಅಷ್ಟರೊಳಗೆ ಇರಬೇಕು. ಸುಮ್ಮನೆ ಕೋಣೆಯ ಉಷ್ಣತೆಯಲ್ಲಿ ಇಟ್ಟ ಒಂದು 10 ಕಿಲೋಓಮ್ ರೆಸಿಸ್ಟರ್ 20 ಕಿಲೋಹರ್ಟ್ಸ್ ವ್ಯಾಪ್ತಿಯಲ್ಲಿ ತಾನೇ 1.8 ಮೈಕ್ರೋವೋಲ್ಟ್ ಗದ್ದಲ ಹುಟ್ಟಿಸುತ್ತದೆ. ಅಂದರೆ ಸಿಗ್ನಲ್ ದಾರಿಯಲ್ಲಿ ತಪ್ಪು ಜಾಗದಲ್ಲಿ ಒಂದೇ ಒಂದು ಹೆಚ್ಚು ಓಮ್‌ನ ರೆಸಿಸ್ಟರ್ ಕೂತರೆ ಸಾಕು, ದುಬಾರಿ ಡಿಎಸಿ ಹಾಕಿದ್ದೆಲ್ಲ ದಂಡ. ಒಳ್ಳೆಯ ಆಡಿಯೋ ಸರ್ಕ್ಯೂಟಿನಲ್ಲಿ ಕೆಲವು ನೂರು ಓಮ್‌ಗಳ ರೆಸಿಸ್ಟರ್‌ಗಳೇ ಕಾಣುವುದಕ್ಕೆ ಕಾರಣ ಇದು. ಓಮ್ ಇನ್ನೂ ಇಳಿಸುತ್ತ ಹೋದರೆ ಆಪ್-ಆಂಪ್ ಅಷ್ಟು ಕರೆಂಟು ಕೊಡಲಾರದೆ ಡಿಸ್ಟಾರ್ಷನ್ ಶುರುವಾಗುತ್ತದೆ. ಎರಡರ ನಡುವೆ ಜಾಗ ಕಿರಿದು.

ಈಗ ಕರೆಂಟಿನ ವಿಷಯ. ಇದರ ಬಗ್ಗೆ ವಿಸ್ತಾರವಾಗಿ ಹೇಳಲೇಬೇಕು. ಪಿಸಿಐ ಎಕ್ಸ್‌ಪ್ರೆಸ್‌ನ ಎಕ್ಸ್1 ಸ್ಲಾಟ್ ಕೊಡುವುದು 12 ವೋಲ್ಟ್ ಮತ್ತು 3.3 ವೋಲ್ಟ್. ಹಳೆಯ ಪಿಸಿಐ ಸ್ಲಾಟಿನಲ್ಲಿ ಮೈನಸ್ 12 ವೋಲ್ಟ್ ಇತ್ತು, ಇದರಲ್ಲಿ ಇಲ್ಲ. ಎಕ್ಸ್1 ಸ್ಲಾಟಿನಿಂದ 12 ವೋಲ್ಟಿನಲ್ಲಿ ಎಳೆಯಬಹುದಾದದ್ದು ಅರ್ಧ ಆಂಪಿಯರ್ ಮಾತ್ರ. ಎಸ್‌ಟಿಎಕ್ಸ್ ಅದಕ್ಕಾಗಿ ಹಾರ್ಡ್ ಡಿಸ್ಕಿಗೆ ಹಾಕುತ್ತಿದ್ದ ಹಳೆಯ ನಾಲ್ಕು ಪಿನ್ ಮೋಲೆಕ್ಸ್ ಕನೆಕ್ಟರ್ ಕೇಳುತ್ತದೆ. ಇದನ್ನು ಹಾಕದೆ ಕಾರ್ಡ್ ಕೆಲಸ ಮಾಡುವುದಿಲ್ಲ. ಹೆಡ್‌ಫೋನ್ ಆಂಪ್ಲಿಫೈಯರ್ ಇರುವ ಕಾರ್ಡಿಗೆ ಇದು ಸರಿಯಾದ ನಿರ್ಧಾರ.

ಆಪ್-ಆಂಪ್‌ಗಳಿಗೆ ಪ್ಲಸ್-ಮೈನಸ್ ಎರಡೂ ಕಡೆ ದೊಡ್ಡ ವೋಲ್ಟೇಜ್ ಯಾಕೆ ಬೇಕು ಎಂಬುದಕ್ಕೆ ಉತ್ತರ ಪಿಸಿಎಂ1792ಎಯಲ್ಲೇ ಇದೆ. ಈ ಚಿಪ್ಪು ಹೊರಗೆ ಕೊಡುವುದು ಕರೆಂಟು, ವೋಲ್ಟೇಜ್ ಅಲ್ಲ. ಪೂರ್ತಿ ಸಿಗ್ನಲಿಗೆ ತುದಿಯಿಂದ ತುದಿಗೆ 7.8 ಮಿಲಿಆಂಪಿಯರ್ ಓಡಾಡುತ್ತದೆ. ಸಿಗ್ನಲ್ ಇಲ್ಲದಾಗಲೂ 6.2 ಮಿಲಿಆಂಪಿಯರ್ ಸ್ಥಿರ ಕರೆಂಟು ಹರಿಯುತ್ತಿರುತ್ತದೆ. ಇದನ್ನು ವೋಲ್ಟೇಜ್ ಮಾಡುವ ಆಪ್-ಆಂಪಿನ ಫೀಡ್‌ಬ್ಯಾಕ್ ರೆಸಿಸ್ಟರ್ 750 ಓಮ್ ಎಂದಿಟ್ಟುಕೊಳ್ಳಿ. ಸುಮ್ಮನಿದ್ದಾಗಲೇ ಔಟ್‌ಪುಟ್ 4.65 ವೋಲ್ಟಿನಲ್ಲಿ ನಿಂತಿರುತ್ತದೆ, ಸಿಗ್ನಲ್ ಬಂದಾಗ ಅದರ ಮೇಲೆ-ಕೆಳಗೆ ಸುಮಾರು 2.9 ವೋಲ್ಟ್ ಆಡುತ್ತದೆ. ತುದಿ 7.5 ವೋಲ್ಟ್ ದಾಟಿತು. ಪ್ಲಸ್-ಮೈನಸ್ 5 ವೋಲ್ಟ್ ಕೊಟ್ಟು ಇದನ್ನು ನಡೆಸಲು ಹೋದರೆ ಸಿಗ್ನಲಿನ ತಲೆ ಕತ್ತರಿಸಿ ಹೋಗುತ್ತದೆ. ನಂತರದ ಡಿಫರೆನ್ಷಿಯಲ್ ಹಂತದಲ್ಲಿ ಎರಡು ಕಡೆಯ ಸ್ಥಿರ ವೋಲ್ಟೇಜ್ ಒಂದನ್ನೊಂದು ಕಳೆದು ಸೊನ್ನೆಯಾಗುತ್ತದೆ. ಆದರೆ ಅದಕ್ಕೆ ಎರಡು ಬದಿಯ ರೆಸಿಸ್ಟರ್‌ಗಳು ಒಂದೇ ಓಮ್‌ನವಾಗಿರಬೇಕು. ಇಲ್ಲಿ ಶೇ. 5ರ ಕಾರ್ಬನ್ ರೆಸಿಸ್ಟರ್ ನಡೆಯುವುದಿಲ್ಲ, ಶೇ. 1 ಅಥವಾ ಅದಕ್ಕಿಂತ ಬಿಗಿಯಾದ ಮೆಟಲ್ ಫಿಲ್ಮ್ ಬೇಕು.

ಎಸ್‌ಟಿಎಕ್ಸ್‌ನಲ್ಲಿ ಕರೆಂಟ್ ಅನ್ನು ವೋಲ್ಟೇಜ್ ಮಾಡುವುದಕ್ಕೆ ಎರಡು ಎನ್‌ಜೆಎಂ2114, ಕೊನೆಯ ಹಂತಕ್ಕೆ ಒಂದು ಎಲ್‌ಎಂ4562. ಮೂರೂ ಸಾಕೆಟಿನಲ್ಲಿ ಕೂತಿವೆ, ಸೋಲ್ಡರ್ ಬಿಚ್ಚದೆ ಬದಲಿಸಬಹುದು. ಈ ಅನುಕೂಲಕ್ಕಾಗಿಯೇ ಕಾರ್ಡ್ ಹೆಸರು ಮಾಡಿತು. ಒಂದು ಎಚ್ಚರಿಕೆ: ಸೆಕೆಂಡ್ ಹ್ಯಾಂಡ್ ಕಾರ್ಡಿನಲ್ಲಿ ಹಿಂದಿನವರು ಏನು ಕೂರಿಸಿದ್ದಾರೆ ಎಂಬುದನ್ನು ಟಾರ್ಚ್ ಹಿಡಿದು ಓದಿ. ಹೆಸರಾಂತ ಆಪ್-ಆಂಪ್‌ಗಳ ನಕಲಿ ಧಾರಾಳವಾಗಿ ಸಿಗುತ್ತವೆ. ಅಗ್ಗದ ಚಿಪ್ಪಿನ ಮೇಲಿನ ಅಕ್ಷರ ಉಜ್ಜಿ ಬೇರೆ ನಂಬರ್ ಅಚ್ಚು ಹಾಕಿರುತ್ತಾರೆ. ಅಸಿಟೋನ್ ಹಚ್ಚಿದ ಹತ್ತಿಯಿಂದ ಮೇಲ್ಮೈ ಒರೆಸಿದಾಗ ಕಪ್ಪು ಬಣ್ಣ ಹತ್ತಿಗೆ ಬಂದರೆ ಸಂಶಯಪಡಿ. ಬೇಕಾದರೆ ಅಧಿಕೃತ ವಿತರಕರಿಂದಲೇ ತರಿಸಿ, ಕೊರಿಯರ್ ಖರ್ಚು ಸೇರಿದರೂ ಅದೇ ಅಗ್ಗ.

ಬದಲಿಸುವಾಗ ಆಗುವ ಅನಾಹುತ ಎರಡು. ಚಿಪ್ಪಿನ ಒಂದು ತುದಿಯ ಕಚ್ಚು ಸಾಕೆಟಿನ ಕಚ್ಚಿಗೆ ಹೊಂದದೆ ತಿರುಗಿ ಕೂತರೆ ಪ್ಲಸ್-ಮೈನಸ್ ಅದಲುಬದಲಾಗಿ ಸುಟ್ಟೇಹೋಗುತ್ತದೆ. ಎರಡನೆಯದು ಕಣ್ಣಿಗೆ ಕಾಣದ್ದು: ಅತಿ ವೇಗದ ಆಪ್-ಆಂಪ್ ಹಾಕಿದಾಗ ಅದು ಮೆಗಾಹರ್ಟ್ಸ್‌ಗಳಲ್ಲಿ ತಾನೇ ಆಸಿಲೇಟ್ ಆಗತೊಡಗುತ್ತದೆ. ಕಿವಿಗೆ ಆ ಸದ್ದು ಕೇಳಿಸದು, ಆದರೆ ಚಿಪ್ಪು ಮುಟ್ಟಲಾಗದಷ್ಟು ಬಿಸಿಯಾಗುತ್ತದೆ, ಸಂಗೀತ ಒರಟಾಗಿ ಕೇಳುತ್ತದೆ. ಹೊಸ ಆಪ್-ಆಂಪ್ ಹಾಕಿ ಐದು ನಿಮಿಷದ ನಂತರ ಬೆರಳಿಟ್ಟು ನೋಡುವುದು ಸರಳ ಪರೀಕ್ಷೆ. ಕೂರಿಸುವ ಮೊದಲು ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ) ಸ್ವಿಚ್ ಆಫ್ ಮಾಡಿ, ವೈರ್ ಕಿತ್ತು, ಕ್ಯಾಬಿನೆಟಿನ ಪವರ್ ಬಟನ್ ಒಂದೆರಡು ಬಾರಿ ಒತ್ತಿ ಕೆಪಾಸಿಟರ್ ಖಾಲಿ ಮಾಡಿಕೊಳ್ಳಿ. ನಮ್ಮ ಅಭಿಪ್ರಾಯ ಹೇಳುವುದಾದರೆ, ಮೂಲ ಎಲ್‌ಎಂ4562 ಇದ್ದಲ್ಲೇ ಇರಲಿ. 2.7 ನ್ಯಾನೋವೋಲ್ಟ್ ಮಟ್ಟದ ಗದ್ದಲ, 20 ವೋಲ್ಟ್ ಪ್ರತಿ ಮೈಕ್ರೋಸೆಕೆಂಡಿನ ವೇಗ ಇರುವ ಚಿಪ್ಪನ್ನು ಕಿತ್ತು ಹೊಸದನ್ನು ಹಾಕಿ ಗಳಿಸುವುದು ಬಹಳ ಕಡಿಮೆ. ಆ ದುಡ್ಡು ಅರ್ಥಿಂಗಿಗೆ ಹಾಕಿದರೆ ಹತ್ತು ಪಾಲು ಲಾಭ.

ಡಿಜಿಟಲ್ ಭಾಗದಲ್ಲಿ ಕಾರ್ಡಿನ ವಯಸ್ಸು ಕಾಣುತ್ತದೆ. ಮೇಲೆ ಎವಿ100 ಎಂದು ಬರೆದಿರುವ ಚಿಪ್ಪು ವಾಸ್ತವದಲ್ಲಿ ಸಿ-ಮೀಡಿಯಾದ ಸಿಎಂಐ8788, ಪಿಸಿಐ ಕಾಲದ್ದು. ಅದನ್ನು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಹೊಂದಿಸಲು ಮಧ್ಯೆ ಪಿಎಲ್‌ಎಕ್ಸ್ ಕಂಪನಿಯ ಪಿಇಎಕ್ಸ್8112 ಎಂಬ ಸೇತುವೆ ಚಿಪ್ಪು ಹಾಕಿದ್ದಾರೆ. ಧ್ವನಿಯ ಗುಣಮಟ್ಟಕ್ಕೆ ಇದರಿಂದ ಕುಂದಿಲ್ಲ. ತೊಂದರೆ ಬರುವುದು ಇಂಟರಪ್ಟಿನಲ್ಲಿ (ಕಾರ್ಡ್ ಪ್ರೊಸೆಸರಿನ ಗಮನ ಸೆಳೆಯುವ ಸಂಕೇತ): ಹಳೆ ಶೈಲಿಯ ಇಂಟರಪ್ಟ್ ಸಾಲನ್ನು ಬೇರೆ ಸಾಧನದ ಜೊತೆ ಹಂಚಿಕೊಳ್ಳಬೇಕಾಗಿ ಬಂದಾಗ ಕೆಲವು ಮದರ್‌ಬೋರ್ಡ್‌ಗಳಲ್ಲಿ ಹಾಡು ನಡುವೆ ಚಟ್ ಎನ್ನುತ್ತದೆ. ಮೊದಲ ಔಷಧ ಸ್ಲಾಟ್ ಬದಲಿಸುವುದು. ಎರಡನೆಯದು ಬಯಾಸ್‌ನಲ್ಲಿ ಎಎಸ್‌ಪಿಎಂ ಎಂಬ ವಿದ್ಯುತ್ ಉಳಿತಾಯದ ಆಯ್ಕೆ ಆಫ್ ಮಾಡುವುದು. ಅದಕ್ಕೂ ಬಗ್ಗದಿದ್ದರೆ ಲೇಟೆನ್ಸಿಮಾನ್ ಎಂಬ ಉಚಿತ ತಂತ್ರಾಂಶ ಓಡಿಸಿ ಯಾವ ಡ್ರೈವರ್ ತಡಮಾಡುತ್ತಿದೆ ನೋಡಿ. ಬಹಳ ಸಲ ವೈಫೈ ಅಥವಾ ಗ್ರಾಫಿಕ್ಸ್ ಡ್ರೈವರ್ ಸಿಕ್ಕಿಬೀಳುತ್ತದೆ.

ಸ್ಯಾಂಪಲ್ ದರ (ಸೆಕೆಂಡಿಗೆ ಧ್ವನಿಯನ್ನು ಅಳೆಯುವ ಸಲ) 192 ಕಿಲೋಹರ್ಟ್ಸ್‌ವರೆಗೆ. ಡಿಎಸಿಗೆ ತಾಳ ಹಾಕುವ ಕ್ಲಾಕಿನ ಬಗ್ಗೆ ಒಂದು ಅಂದಾಜು ಕೊಡುವುದು ಉಪಯುಕ್ತ. 20 ಕಿಲೋಹರ್ಟ್ಸ್ ಪೂರ್ತಿ ಮಟ್ಟದ ಸ್ವರಕ್ಕೆ 124 ಡಿಬಿ ಉಳಿಸಿಕೊಳ್ಳಬೇಕಾದರೆ ಜಿಟ್ಟರ್ (ಆ ತಾಳದ ಏರುಪೇರು) 5 ಪಿಕೋಸೆಕೆಂಡಿನೊಳಗೆ ಇರಬೇಕು. ಸಂಗೀತದಲ್ಲಿ ಅಷ್ಟು ಎತ್ತರದ ಸ್ವರ ಅಷ್ಟು ಜೋರಾಗಿ ಎಂದೂ ಬರುವುದಿಲ್ಲವಾದ್ದರಿಂದ ವ್ಯವಹಾರದಲ್ಲಿ ಅಷ್ಟು ಬಿಗಿ ಬೇಕಿಲ್ಲ. ಹೊಸದಾಗಿ ವಿನ್ಯಾಸ ಮಾಡುವವರು 22.5792 ಮತ್ತು 24.576 ಮೆಗಾಹರ್ಟ್ಸ್‌ನ ಎರಡು ಪ್ರತ್ಯೇಕ ಆಸಿಲೇಟರ್ ಹಾಕಿ, ಅವನ್ನು ಡಿಎಸಿಯ ಪಕ್ಕದಲ್ಲೇ ಕೂರಿಸಿದರೆ ಈ ತಲೆನೋವು ಮುಗಿಯಿತು.

ಹೆಡ್‌ಫೋನಿಗೆ ಬರೋಣ. ಆಂಪ್ಲಿಫೈಯರ್ ಚಿಪ್ಪು ಟಿಪಿಎ6120ಎ2, ಬಲಶಾಲಿ. ಗೇನ್ ಮೂರು ಹಂತ: 64 ಓಮ್‌ಗಿಂತ ಕಡಿಮೆಗೆ 0 ಡಿಬಿ, 64ರಿಂದ 300 ಓಮ್‌ಗೆ 12 ಡಿಬಿ, 300ರಿಂದ 600 ಓಮ್‌ಗೆ 18 ಡಿಬಿ. ಈ ಚಿಪ್ಪು ಅತಿ ವೇಗದ್ದಾದ್ದರಿಂದ ಕೇಬಲಿನ ಕೆಪಾಸಿಟನ್ಸ್‌ಗೆ ಹೆದರಿ ಆಸಿಲೇಟ್ ಆಗದಿರಲೆಂದು ಔಟ್‌ಪುಟಿಗೆ ಸುಮಾರು 10 ಓಮ್ ರೆಸಿಸ್ಟರ್ ಸರಣಿಯಲ್ಲಿ ಇಡುತ್ತಾರೆ. ಅಲ್ಲೇ ಇರುವುದು ಇಕ್ಕಟ್ಟು. 300 ಓಮ್‌ನ ಹೆಡ್‌ಫೋನಿನ ಇಂಪಿಡೆನ್ಸ್ ಕೆಳಸ್ವರಗಳ ಹತ್ತಿರ 500 ಓಮ್‌ಗೆ ಏರಿದರೂ 10 ಓಮ್‌ನಿಂದ ಆಗುವ ವ್ಯತ್ಯಾಸ 0.1 ಡಿಬಿ, ಯಾರ ಕಿವಿಗೂ ಸಿಗದು. ಅದೇ 30 ಓಮ್‌ನ ಹೆಡ್‌ಫೋನ್ ಒಂದು ಕಡೆ 60 ಓಮ್‌ಗೆ ಏರಿದರೆ ವ್ಯತ್ಯಾಸ 1.2 ಡಿಬಿ ಹತ್ತಿರ. ಅಂದರೆ ಖರಜದ ಸ್ವರ ಉಬ್ಬುತ್ತದೆ, ತಬಲಾದ ಬಾಯಾಂ ಸಡಿಲವಾಗಿ ಕೇಳಿಸುತ್ತದೆ. ಹಲವು ಡ್ರೈವರ್ ಇರುವ ಇಯರ್‌ಫೋನಿನಲ್ಲಿ ಇಂಪಿಡೆನ್ಸ್ ಇನ್ನೂ ವಿಪರೀತ ಏರಿಳಿಯುವುದರಿಂದ ಸ್ವರದ ಬಣ್ಣವೇ ಬದಲಾಗುತ್ತದೆ. ಹೆಡ್‌ಫೋನಿನ ಓಮ್ ಕಾರ್ಡಿನ ಔಟ್‌ಪುಟ್ ಓಮ್‌ನ ಎಂಟು ಪಟ್ಟಾದರೂ ಇರಲಿ ಎಂಬುದು ಸಾಮಾನ್ಯ ಲೆಕ್ಕ. ಇಲ್ಲಿ ಅದು 80 ಓಮ್. ಅದಕ್ಕಿಂತ ಕಡಿಮೆಯ ಹೆಡ್‌ಫೋನ್ ಇದ್ದವರು ಆರ್‌ಸಿಎಯಿಂದ ಬೇರೆ ಆಂಪ್ಲಿಫೈಯರಿಗೆ ಹೋಗುವುದು ಲೇಸು.

ನಮ್ಮ ಕಡೆಯವರಿಗೆ ಈ ಕಾರ್ಡಿನ ನಿಜವಾದ ಬೆಲೆ ಇರುವುದು ಲೈನ್ ಇನ್‌ನಲ್ಲಿ. ಧಾರವಾಡ, ಹುಬ್ಬಳ್ಳಿ, ಗದಗ ಎಂದರೆ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಇವರ ಹಾಡುಗಾರಿಕೆಯ ನೆಲ, ವೀರೇಶ್ವರ ಪುಣ್ಯಾಶ್ರಮದ ಊರು. ಖಾಸಗಿ ಬೈಠಕ್‌ಗಳ ಧ್ವನಿಮುದ್ರಣ ಕ್ಯಾಸೆಟ್ಟಿನಲ್ಲಿ, ಸ್ಪೂಲಿನಲ್ಲಿ ಇನ್ನೂ ಮನೆಗಳ ಕಪಾಟಿನಲ್ಲಿವೆ. ಟೇಪು ಪ್ರತಿ ಮಳೆಗಾಲ ಬೂಸ್ಟು ಹಿಡಿಯುತ್ತಿದೆ, ಅಂಟು ಬಿಡುತ್ತಿದೆ. ಇಳಿಸುವ ಕೆಲಸ ತಡ ಮಾಡುವಂಥದ್ದಲ್ಲ. ಇದರಲ್ಲಿರುವ ಎಡಿಸಿ (ಒಳಬರುವ ಧ್ವನಿಯನ್ನು ಡಿಜಿಟಲ್ ಮಾಡುವ ಚಿಪ್ಪು) ಸಿರಸ್ ಲಾಜಿಕ್‌ನ ಸಿಎಸ್5381, 120 ಡಿಬಿ ಚಿಪ್ಪು. ಕಾರ್ಡಿನ ಇನ್‌ಪುಟ್ 118 ಡಿಬಿ. ಕ್ಯಾಸೆಟ್ಟಿನ ಸ್ವಂತ ಗದ್ದಲ 50-60 ಡಿಬಿಯಲ್ಲೇ ನಿಲ್ಲುವುದರಿಂದ ಕಾರ್ಡ್ ತನ್ನದೇನನ್ನೂ ಸೇರಿಸುವುದಿಲ್ಲ. ಸಾಮಾನ್ಯ ಟೇಪ್ ಡೆಕ್ಕಿನ ಔಟ್‌ಪುಟ್ 0.3 ವೋಲ್ಟ್ ಆಸುಪಾಸು, ಕಾರ್ಡಿನ ಪೂರ್ತಿ ಮಟ್ಟ 2 ವೋಲ್ಟ್. 16 ಡಿಬಿ ಹೆಡ್‌ರೂಮ್ ತಾನಾಗಿ ಸಿಗುತ್ತದೆ. ಮೀಟರ್ ಕೆಂಪು ಮುಟ್ಟುವವರೆಗೆ ಗೇನ್ ಏರಿಸುವ ಅಗತ್ಯವೇ ಇಲ್ಲ, 24 ಬಿಟ್‌ನಲ್ಲಿ ತಗ್ಗಿದ ಮಟ್ಟದಿಂದ ನಷ್ಟವಿಲ್ಲ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘದ ಮಾರ್ಗಸೂಚಿ ಹೇಳುವುದು 24 ಬಿಟ್, ಕನಿಷ್ಠ 48 ಕಿಲೋಹರ್ಟ್ಸ್, ಸಾಧ್ಯವಿದ್ದರೆ 96. ಕಾರ್ಡನ್ನು 96ರಲ್ಲಿ ಇಟ್ಟು ವೇವ್ ಫೈಲಾಗಿ ಉಳಿಸಿ. ಒಂದು ಗಂಟೆಯ ಸ್ಟೀರಿಯೋ ಧ್ವನಿಗೆ 2 ಜಿಬಿ ಜಾಗ ಬೇಕು. ಡೆಕ್ಕಿನ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಪ್ರತಿ ಕ್ಯಾಸೆಟ್ಟಿಗೂ ಅಜಿಮತ್ (ಹೆಡ್ಡಿನ ಓರೆ ಸರಿಪಡಿಸುವ) ಸ್ಕ್ರೂ ತಿರುಗಿಸಿ ಮೇಲ್ಸ್ವರ ತೆರೆದುಕೊಳ್ಳುವ ಜಾಗ ಹಿಡಿಯಿರಿ. ಕಾರ್ಡ್ ಎಷ್ಟು ಒಳ್ಳೆಯದಿದ್ದರೂ ಈ ಎರಡು ಕೆಲಸದ ಬದಲಿಗೆ ಬಾರದು. ಕಾರ್ಡಿನ ಡ್ರೈವರಿನಲ್ಲಿರುವ ಈಕ್ವಲೈಸರ್, ಡಾಲ್ಬಿ, ಸರೌಂಡ್ ಎಲ್ಲ ಆಫ್ ಇರಲಿ.

ಮೈಕ್ ಇನ್‌ಪುಟ್ ಲೈನ್ ಇನ್ ಇರುವ ಅದೇ 6.3 ಮಿಲಿಮೀಟರ್ ಜ್ಯಾಕಿನಲ್ಲಿದೆ. ಮೈಕಿಗೆ ಕೊಡುವ 48 ವೋಲ್ಟ್ ಫ್ಯಾಂಟಮ್ ಕರೆಂಟು ಇಲ್ಲ, ಬ್ಯಾಲೆನ್ಸ್ಡ್ ಅಲ್ಲ. ಸ್ಟುಡಿಯೋ ಕಂಡೆನ್ಸರ್ ಮೈಕ್ ಇದಕ್ಕೆ ನಡೆಯುವುದಿಲ್ಲ.

ಈಗ ಅರ್ಥಿಂಗ್. ಹುಬ್ಬಳ್ಳಿಯಿಂದ ಪೂರ್ವಕ್ಕೆ ನವಲಗುಂದ, ಗದಗದವರೆಗೆ ಎರೆಮಣ್ಣು. ಮಳೆಗಾಲದಲ್ಲಿ ನೀರು ಹಿಡಿದು ಅರ್ಥ್ ಚೆನ್ನಾಗಿ ಸಿಗುತ್ತದೆ. ಮಾರ್ಚಿನಿಂದ ಮೇವರೆಗೆ ಅದೇ ಮಣ್ಣು ಒಣಗಿ ಬಿರುಕು ಬಿಟ್ಟು ಅರ್ಥ್ ಪೈಪಿನಿಂದ ದೂರ ಸರಿಯುತ್ತದೆ, ರೆಸಿಸ್ಟನ್ಸ್ ಏರುತ್ತದೆ. ಮಳೆಗಾಲದಲ್ಲಿ ಶಾಂತವಾಗಿದ್ದ ಸಿಸ್ಟಮ್ ಬೇಸಿಗೆಯಲ್ಲಿ ಗುಂಯ್ ಎನ್ನುವುದಕ್ಕೆ ಇದೂ ಒಂದು ಕಾರಣ. ಕಂಪ್ಯೂಟರಿನ ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದ ಮತ್ತು ನ್ಯೂಟ್ರಲ್‌ನಿಂದ ಕ್ಯಾಬಿನೆಟಿಗೆ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಅರ್ಥ್ ಇಲ್ಲದಿದ್ದರೆ ಅವುಗಳ ಮೂಲಕ ಕ್ಯಾಬಿನೆಟ್ ಸುಮಾರು 115 ವೋಲ್ಟಿಗೆ ಏರಿ ಕೂರುತ್ತದೆ. ಕರೆಂಟು ಕಡಿಮೆ, ಆದ್ದರಿಂದ ಮುಟ್ಟಿದರೆ ಬರೀ ಜುಮ್ ಎನ್ನುತ್ತದೆ. ಆದರೆ ಆ ಕರೆಂಟು ಆರ್‌ಸಿಎ ಕೇಬಲಿನ ಹೊರ ಜಾಲರಿಯ ಮೂಲಕ ಸ್ಪೀಕರಿನ ಕಡೆ ದಾರಿ ಹುಡುಕುತ್ತದೆ. 1.26 ಮೈಕ್ರೋವೋಲ್ಟಿನ ಲೆಕ್ಕ ಅಲ್ಲಿಗೇ ಮುಗಿಯಿತು.

ಪರೀಕ್ಷೆ ಸುಲಭ. ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯ ಸುತ್ತಮುತ್ತ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುವ ಸಾದಾ ಮಲ್ಟಿಮೀಟರ್ ಸಾಕು. ಎಸಿ ವೋಲ್ಟಿನಲ್ಲಿಟ್ಟು ಫೇಸ್-ನ್ಯೂಟ್ರಲ್, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್ ಅಳೆಯಿರಿ. ಮೊದಲೆರಡು ಹೆಚ್ಚುಕಡಿಮೆ ಒಂದೇ ಇರಬೇಕು, ಮೂರನೆಯದು 3 ವೋಲ್ಟಿನೊಳಗೆ ಇರಬೇಕು. ಫೇಸ್-ಅರ್ಥ್ ಬಹಳ ಕಡಿಮೆ ತೋರಿಸಿದರೆ ಸಾಕೆಟಿನ ದೊಡ್ಡ ತೂತಿಗೆ ವೈರೇ ಇಲ್ಲದಿರಬಹುದು. ಇಲೆಕ್ಟ್ರಿಷಿಯನ್ ಕರೆಸಿ. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ವಾರಕ್ಕೊಮ್ಮೆ ನಾಲ್ಕು ಕೊಡ ನೀರು ಹಾಕುವ ಹಳೆಯ ಪದ್ಧತಿ ಬಿಡಬೇಡಿ.

ಅರ್ಥ್ ಸರಿ ಇದ್ದೂ ಗುಂಯ್ ಎನ್ನುವುದಾದರೆ ಅದು ಗ್ರೌಂಡ್ ಲೂಪ್, ಅಂದರೆ ಎರಡು ಸಾಧನಗಳ ಅರ್ಥ್ ಎರಡು ದಾರಿಯಲ್ಲಿ ಸೇರಿ ಸುತ್ತು ಆಗಿರುವುದು. ಕಂಪ್ಯೂಟರ್ ಮತ್ತು ಮೂರು ಪಿನ್ನಿನ ಆಂಪ್ಲಿಫೈಯರ್ ಬೇರೆ ಬೇರೆ ಗೋಡೆಯ ಸಾಕೆಟಿನಲ್ಲಿದ್ದರೆ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತನ್ನಿ. ಸೆಟ್ ಟಾಪ್ ಬಾಕ್ಸಿನ ಕೇಬಲ್ ಜೋಡಿಸಿದ್ದರೆ ಕಿತ್ತು ನೋಡಿ. ಕೊನೆಯ ದಾರಿ 1:1 ಅನುಪಾತದ, 600 ಓಮ್‌ನ ಆಡಿಯೋ ಐಸೋಲೇಷನ್ ಟ್ರಾನ್ಸ್‌ಫಾರ್ಮರ್. ಅಗ್ಗದ್ದು ಕೆಳಸ್ವರ ಕೆಡಿಸುತ್ತದೆ, ಒಳ್ಳೆಯದನ್ನೇ ತನ್ನಿ. ಆಪ್ಟಿಕಲ್ ಕೇಬಲಿನಿಂದ ಲೂಪ್ ಪೂರ್ತಿ ಕಡಿಯುತ್ತದೆ ನಿಜ, ಆದರೆ ಆಗ ಕಾರ್ಡಿನ ಡಿಎಸಿಯನ್ನೇ ಬಳಸಿದಂತಾಗಲಿಲ್ಲ. ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ ಕೆಲಸ ಮಾತ್ರ ಯಾರ ಮಾತಿಗೂ ಮಾಡಬೇಡಿ, ಅದು ಪ್ರಾಣಕ್ಕೆ ಅಪಾಯ. ಕರೆಂಟು ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರಿನ ಮೇಲೆ ಕೇಳುವವರಿಗೆ ಬರುವ ಝರ್ ಸದ್ದಿಗೆ ಕಾರ್ಡ್ ಕಾರಣವಲ್ಲ. ಸೈನ್ ವೇವ್ ಇನ್ವರ್ಟರ್ ಒಂದೇ ಪರಿಹಾರ.

ಕೂರಿಸುವಾಗ ಗ್ರಾಫಿಕ್ಸ್ ಕಾರ್ಡಿನಿಂದ ಅತಿ ದೂರದ ಸ್ಲಾಟ್ ಆರಿಸಿ. ಕಾರ್ಡಿನ ಮೇಲಿನ ಲೋಹದ ಕವಚ ವಿದ್ಯುತ್ ಕ್ಷೇತ್ರವನ್ನು ತಡೆಯುತ್ತದೆ, ಗ್ರಾಫಿಕ್ಸ್ ಕಾರ್ಡಿನ ಕಾಯಿಲ್‌ಗಳಿಂದ ಬರುವ ಕೆಳ ಆವರ್ತನದ ಕಾಂತಕ್ಷೇತ್ರಕ್ಕೆ ತೆಳು ತಗಡು ಅಷ್ಟೇನೂ ಅಡ್ಡಿಯಲ್ಲ. ಅದಕ್ಕೆ ದೂರವೇ ಮದ್ದು. ಹೊಸ ಎಸ್‌ಎಂಪಿಎಸ್‌ನಲ್ಲಿ ಮೋಲೆಕ್ಸ್ ವೈರ್ ಒಂದಾದರೂ ಇದ್ದರೆ ಅದನ್ನೇ ಬಳಸಿ, ಅದೇ ಸಾಲಿನಲ್ಲಿ ಫ್ಯಾನ್ ಸೇರಿಸಬೇಡಿ. ಸಾಟಾದಿಂದ ಮೋಲೆಕ್ಸ್ ಮಾಡುವ ಅಡಾಪ್ಟರ್ ತರಲೇಬೇಕಾದರೆ ವೈರುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದದ್ದು ಬೇಡ, ಒಳಗೆ ಶಾರ್ಟ್ ಆಗಿ ಕರಗುವುದು ಆ ಜಾತಿಯದ್ದೇ. ಪಿನ್ನುಗಳನ್ನು ಒಂದೊಂದಾಗಿ ಕ್ರಿಂಪ್ ಮಾಡಿದ್ದು ತನ್ನಿ.

ಕೂರಿಸಿದ ಮೇಲೆ ಆರ್‌ಇಡಬ್ಲ್ಯೂ ಎಂಬ ಉಚಿತ ತಂತ್ರಾಂಶದಿಂದ ಅಳೆಯಿರಿ. ಆರ್‌ಸಿಎಯಿಂದ ಲೈನ್ ಇನ್‌ಗೆ ಗಿಡ್ಡ ಕೇಬಲ್, 24 ಬಿಟ್ 96 ಕಿಲೋಹರ್ಟ್ಸ್, ಸ್ವರ ಇಲ್ಲದೆ ಸ್ಪೆಕ್ಟ್ರಮ್ ನೋಡಿ. 50 ಹರ್ಟ್ಸ್‌ನಲ್ಲಿ ಗೋಪುರ ಎದ್ದಿದ್ದರೆ ಗ್ರೌಂಡ್ ಅಥವಾ ಹತ್ತಿರದ ಟ್ರಾನ್ಸ್‌ಫಾರ್ಮರ್. 100ರಲ್ಲಿ ಎದ್ದಿದ್ದರೆ ಯಾವುದೋ ಪವರ್ ಸಪ್ಲೈಯ ರಿಪಲ್. 1 ಅಥವಾ 8 ಕಿಲೋಹರ್ಟ್ಸ್‌ನಲ್ಲಿ ಸೂಜಿಯಂತೆ ಎದ್ದಿದ್ದರೆ ಯುಎಸ್‌ಬಿ. ಗ್ರಾಫಿಕ್ಸ್ ಕೆಲಸ ಹಚ್ಚಿದಾಗ ಇಡೀ ತಳವೇ ಮೇಲೆದ್ದರೆ ಸ್ಲಾಟ್ ಬದಲಿಸುವ ಕಾಲ ಬಂತು. ಕೇಬಲ್ ಕಿತ್ತರೂ ಅದೇ ಗೋಪುರ ಉಳಿದರೆ ಕಾರ್ಡಿನೊಳಗೇ ದೋಷ.

ಡ್ರೈವರ್ ವಿಷಯದಲ್ಲಿ ಲಿನಕ್ಸ್ ಬಳಸುವವರು ನಿಶ್ಚಿಂತರು. ಕರ್ನಲ್ಲಿನಲ್ಲಿರುವ ಎಸ್‌ಎನ್‌ಡಿ-ವರ್ಚುಯೊಸೊ ಡ್ರೈವರ್ ಇದನ್ನು ತಾನೇ ಗುರುತಿಸುತ್ತದೆ, ಆಲ್ಸಾಮಿಕ್ಸರಿನಲ್ಲಿ ಔಟ್‌ಪುಟ್ ಮತ್ತು ಗೇನ್ ಆರಿಸಿದರಾಯಿತು. ವಿಂಡೋಸ್‌ನಲ್ಲಿ ಕಂಪನಿಯ ಡ್ರೈವರ್ ಹಳೆಯದು. ಬಳಕೆದಾರರು ತಿದ್ದಿದ ಯೂನಿ ಝೋನಾರ್ ಡ್ರೈವರ್ ಅನೇಕರಿಗೆ ಆಧಾರ.

ಇದನ್ನು ನೋಡಿ ಸ್ವಂತ ಕಾರ್ಡ್ ಮಾಡಬೇಕೆನ್ನುವವರು ಇದರಿಂದ ಕಲಿಯಬೇಕಾದದ್ದು ಔಟ್‌ಪುಟ್ ಹಂತ ಮತ್ತು ಕವಚ. ಬಿಡಬೇಕಾದದ್ದು ಸೇತುವೆ ಚಿಪ್ಪು ಮತ್ತು 10 ಓಮ್. ಮೈನಸ್ 12 ವೋಲ್ಟನ್ನು ಇನ್ವರ್ಟಿಂಗ್ ಕನ್ವರ್ಟರಿನಿಂದ ಮಾಡಿ, ಸ್ವಿಚಿಂಗ್ ಆವರ್ತನ ಕೆಲವು ನೂರು ಕಿಲೋಹರ್ಟ್ಸ್‌ಗಿಂತ ಮೇಲಿಟ್ಟು, ಎಲ್‌ಸಿ ಫಿಲ್ಟರ್ ದಾಟಿಸಿ, ಆಮೇಲೆ ಕಡಿಮೆ ಗದ್ದಲದ ರೆಗ್ಯುಲೇಟರಿಗೆ ಕೊಡಿ. ಪ್ಲಸ್ ಕಡೆಗೆ ಟಿಪಿಎಸ್7ಎ47ಗೆ 4 ಮೈಕ್ರೋವೋಲ್ಟ್ ಗದ್ದಲ; ಎಲ್‌ಟಿ3045, ಅದರ ಮೈನಸ್ ಜೋಡಿ ಎಲ್‌ಟಿ3094 ಎರಡಕ್ಕೂ 0.8 ಮೈಕ್ರೋವೋಲ್ಟ್. ಸ್ಲಾಟಿನ 12 ವೋಲ್ಟಿನಿಂದ ನೇರವಾಗಿ ಶುದ್ಧ 12 ವೋಲ್ಟ್ ತೆಗೆಯಲಾಗದು, ರೆಗ್ಯುಲೇಟರಿಗೆ ಮೇಲೆ ಒಂದೆರಡು ವೋಲ್ಟ್ ಬೇಕು. ಒಂದೋ ಮೊದಲು 15ಕ್ಕೆ ಏರಿಸಿ, ಇಲ್ಲವೇ 10ರಲ್ಲಿ ತೃಪ್ತಿಪಡಿ. ಫೀಡ್‌ಬ್ಯಾಕ್ ಕೆಪಾಸಿಟರ್‌ಗೆ ಸಿ0ಜಿ ಸಿರಾಮಿಕ್ ಅಥವಾ ಪಾಲಿಪ್ರೊಪಿಲೀನ್ ಹಾಕಿ. ಎಕ್ಸ್7ಆರ್ ಹಾಕಿದರೆ ವೋಲ್ಟೇಜಿನ ಜೊತೆ ಅದರ ಕೆಪಾಸಿಟನ್ಸ್ ಬದಲಾಗಿ ಡಿಸ್ಟಾರ್ಷನ್ ಬರುತ್ತದೆ.

ಬೋರ್ಡ್ ನಾಲ್ಕು ಪದರದ್ದಿರಲಿ, ದಪ್ಪ 1.57 ಮಿಲಿಮೀಟರ್, ಅಂಚಿನ ಬೆರಳುಗಳಿಗೆ ಗಟ್ಟಿ ಚಿನ್ನದ ಲೇಪ. ಗ್ರೌಂಡನ್ನು ಅನಲಾಗ್ ಒಂದು, ಡಿಜಿಟಲ್ ಒಂದು ಎಂದು ಸೀಳುವ ಹಳೆ ಪಾಠ ಬಹಳ ಕಡೆ ಕೈಕೊಡುತ್ತದೆ: ಸೀಳಿನ ಮೇಲೆ ಒಂದು ಕ್ಲಾಕ್ ಗೆರೆ ದಾಟಿದರೂ ಅದರ ವಾಪಸು ಕರೆಂಟು ಸುತ್ತುಬಳಸಿ ಬಂದು ಗದ್ದಲ ಚೆಲ್ಲುತ್ತದೆ. ಒಂದೇ ಅಖಂಡ ಗ್ರೌಂಡ್ ಇಟ್ಟು ಭಾಗಗಳನ್ನು ದೂರ ಕೂರಿಸಿ. ಕಾರ್ಡಿನಿಂದ ಹೊರಡುವ ಡೇಟಾ ಜೋಡಿಗೆ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಸರಣಿಯಲ್ಲಿ ಬೇಕು. ಎ1 ಪಿನ್ನನ್ನು ಬಿ17ಕ್ಕೆ ಜೋಡಿಸುವುದನ್ನು ಹೊಸಬರು ಬಿಟ್ಟುಬಿಡುತ್ತಾರೆ. ಕಾರ್ಡ್ ಇದೆ ಎಂದು ಮದರ್‌ಬೋರ್ಡಿಗೆ ತಿಳಿಸುವುದು ಆ ಗೆರೆಯೇ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಕಾರ್ಡನ್ನು ಮಷೀನಿಗೆ ಹಾಕಿಸಿಯೇ ನೋಡಿ. ಡ್ರೈವರ್ ಏಳುವಾಗ ರಿಲೇ (ಔಟ್‌ಪುಟ್ ಬದಲಿಸುವ ವಿದ್ಯುತ್ ಸ್ವಿಚ್) ಟಿಕ್ ಎನ್ನಬೇಕು. ಹೆಡ್‌ಫೋನಿನಿಂದ ಸ್ಪೀಕರಿಗೆ ಹತ್ತಾರು ಬಾರಿ ಬದಲಿಸಿ. ಒಂದು ಕಡೆಯ ಸದ್ದು ಒಮ್ಮೆ ಬಂದು ಒಮ್ಮೆ ಹೋದರೆ ರಿಲೇ ಕಾಂಟ್ಯಾಕ್ಟ್ ಕಪ್ಪಾಗಿದೆ ಎಂದರ್ಥ, ಬದಲಿಸಬಹುದು, ಅಷ್ಟು ಬೆಲೆ ಇಳಿಸಿ. ಕವಚ ಬಿಚ್ಚಿ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ತಲೆ ಉಬ್ಬಿದೆಯೇ ನೋಡಿ. 10 ಡಿಗ್ರಿ ಬಿಸಿ ಏರಿದರೆ ಅವುಗಳ ಆಯುಷ್ಯ ಅರ್ಧ. ನಮ್ಮ ಬೇಸಿಗೆಯಲ್ಲಿ ಕ್ಯಾಬಿನೆಟಿನ ಒಳಗೆ ವರ್ಷಗಟ್ಟಲೆ ಬೆಂದ ಕಾರ್ಡಿಗೆ ಇದು ಮೊದಲ ರೋಗ. ಉಬ್ಬಿದ್ದರೆ 105 ಡಿಗ್ರಿಯ ಹೊಸವನ್ನು ಅದೇ ಕೆಪಾಸಿಟನ್ಸಿನಲ್ಲಿ, ಅದೇ ಅಥವಾ ಹೆಚ್ಚಿನ ವೋಲ್ಟಿನಲ್ಲಿ ಹಾಕಿಸಬಹುದು. ಆಪ್-ಆಂಪ್ ಸಾಕೆಟಿನ ಪಿನ್ ಸಡಿಲವಾಗಿದ್ದರೂ ರಿಪೇರಿ ಇದೆ. ಆದರೆ ಒಂದು ಚಾನೆಲ್ ಪೂರ್ತಿ ಸತ್ತಿದ್ದು, ಆಪ್-ಆಂಪ್ ಬದಲಿಸಿದರೂ ಏಳದಿದ್ದರೆ ಡಿಎಸಿಯೇ ಹೋಗಿರಬಹುದು. ಅಂಥದ್ದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಅಲ್ಲೇ ಬಿಟ್ಟು ಬನ್ನಿ.